ಗುಪ್ತಚರ ಇಲಾಖೆ ಬಾಸ್‌ನ ಸೋಲಿಸಿದ ಸ್ಕೀ ಚಾಂಪಿಯನ್: ಯಾರಿದು ಫ್ರಾಂಕ್ ಉಲ್ರಿಶ್?

ಎಲ್ರಿಗೂ ನಮಸ್ಕಾರ.

ಚಳಿಗಾಲದ ಒಲಿಂಪಿಕ್ಸ್ ಬಗ್ಗೆ ಒಂದು ವಿಡಿಯೋ ಹಾಕಿದ್ನಲ್ಲ, ಅದರ ಕೆಳಗೆ ಒಬ್ರು ಕೇಳಿದ್ರು, "ಗುರೂ, ಈ ಬೆನ್ನಿಗೆ ಗನ್ ಕಟ್ಕೊಂಡು ಹಿಮದಲ್ಲಿ ಓಡ್ತಾರಲ್ಲ, ಇವ್ರೆಲ್ಲ ರಿಟೈರ್ ಆದ್ಮೇಲೆ ಏನ್ ಮಾಡ್ತಾರೆ, ಬ್ಯಾಂಕ್ ಮುಂದೆ ಸೆಕ್ಯೂರಿಟಿನಾ?" ನಾನು ಒಂದು ನಗೋ ಎಮೋಜಿ ಹಾಕಿ ಸುಮ್ನಾಗ್ಬೇಕಿತ್ತು. ಆಗ್ಲಿಲ್ಲ. ಹುಡುಕೋಕೆ ಕೂತೆ, ರಾತ್ರಿ ಎರಡು ಗಂಟೆ ಆಯ್ತು, ಮನೇಲಿ ಬೈಸ್ಕೊಂಡಿದ್ದೂ ಆಯ್ತು, ಆದ್ರೆ ಸಿಕ್ಕಿದ ಕಥೆ ಮಾತ್ರ ಸಖತ್ತಾಗಿದೆ.

ಕಥೆ ಇಷ್ಟು. 2021ರ ಸೆಪ್ಟೆಂಬರ್ 26, ಜರ್ಮನಿಯಲ್ಲಿ ಪಾರ್ಲಿಮೆಂಟ್ ಎಲೆಕ್ಷನ್. ಒಂದು ಕ್ಷೇತ್ರದಲ್ಲಿ ಒಂದು ಕಡೆ ಆ ದೇಶದ ಒಳಗಿನ ಗುಪ್ತಚರ ಇಲಾಖೆಗೆ ಆರು ವರ್ಷ ಬಾಸ್ ಆಗಿದ್ದ ಮನುಷ್ಯ, ಅಂದ್ರೆ ನಮ್ಮ ಐಬಿ ಇದೆಯಲ್ಲ ಆ ಥರದ್ದರ ಮುಖ್ಯಸ್ಥ, ದೇಶಕ್ಕೆಲ್ಲ ಗೊತ್ತಿರೋ ಹೆಸರು, ದಿನಾ ಟಿವಿಯಲ್ಲಿ ಬರೋ ಮುಖ. ಇನ್ನೊಂದು ಕಡೆ 63 ವರ್ಷದ ಒಬ್ಬ ಮಾಜಿ ಬಯಾಥ್ಲೀಟ್, ಸ್ಕೀ ಕೋಚ್. ಗೆದ್ದೋರು ಯಾರು? ಟೈಟಲ್‌ನಲ್ಲೇ ಹೇಳ್ಬಿಟ್ಟಿದೀನಿ, ಸಸ್ಪೆನ್ಸ್ ಮಾಡೋಕೆ ನಂಗೆ ಬರಲ್ಲ.

ಆದ್ರೆ ನಂಗೆ ಕಾಡಿದ ಪ್ರಶ್ನೆ ಬೇರೆ. ಮೆಡಲ್ ಇದ್ದಿದ್ದಕ್ಕೆ ಜನ ವೋಟ್ ಹಾಕಿದ್ರಾ, ಅಥವಾ ಬೇರೆ ಏನೋ ನಡೀತಾ?

(ಟೈಟಲ್ ಕಾರ್ಡ್, ಮ್ಯೂಸಿಕ್, ಐದು ಸೆಕೆಂಡ್ ಸಾಕು)

ಬಯಾಥ್ಲಾನ್ ಅಂದ್ರೆ ಏನು, ಬೇಗ ಬೇಗ ಮುಗಿಸ್ತೀನಿ. ಸ್ಕೀ ಹಾಕ್ಕೊಂಡು ಬೆಟ್ಟ ಹತ್ತಿ ಇಳಿದು ಕಿಲೋಮೀಟರ್‌ಗಟ್ಟಲೆ ಓಡ್ಬೇಕು, ಬೆನ್ನಮೇಲೆ ಕನಿಷ್ಠ ಮೂರೂವರೆ ಕೆಜಿ ರೈಫಲ್. ನಡುವೆ ನಿಂತು ಐವತ್ತು ಮೀಟರ್ ದೂರದಲ್ಲಿರೋ ಐದು ಟಾರ್ಗೆಟ್‌ಗೆ ಗುಂಡು ಹೊಡೀಬೇಕು, ಒಂದ್ಸಲ ಮಲಗಿ, ಒಂದ್ಸಲ ನಿಂತು. ತಪ್ಪಿದ್ರೆ ದಂಡ. ಕೆಲವು ರೇಸ್‌ನಲ್ಲಿ ಒಂದೊಂದು ತಪ್ಪಿಗೂ 150 ಮೀಟರ್‌ದು ಒಂದು ಎಕ್ಸ್‌ಟ್ರಾ ಸುತ್ತು, 20 ಕಿಲೋಮೀಟರ್ ರೇಸ್‌ನಲ್ಲಿ ಸುತ್ತಿಲ್ಲ, ಸೀದಾ ನಿಮ್ಮ ಟೈಮ್‌ಗೆ ನಿಮಿಷಗಳನ್ನ ಸೇರಿಸ್ತಾರೆ. ಅಷ್ಟೇ. ಮುಗೀತು ಬೇಸಿಕ್ಸ್.

ಇಲ್ಲ ಇಲ್ಲ, ಒಂದು ಮಾತು, ಟಾರ್ಗೆಟ್ ಸೈಜ್ ಹೇಳ್ಲೇಬೇಕು. ಮಲಗಿ ಹೊಡಿಯೋದು 45 ಮಿಲಿಮೀಟರ್. ಒಂದು ನಿಂಬೆಹಣ್ಣು ಅಂದ್ಕೊಳ್ಳಿ. ಐವತ್ತು ಮೀಟರ್ ದೂರದಲ್ಲಿ ನಿಂಬೆಹಣ್ಣು, ನಿಮ್ಮ ಹಾರ್ಟ್ ನಿಮಿಷಕ್ಕೆ 170-180 ಸಲ ಬಡ್ಕೊತಾ ಇದೆ, ಒಂದೊಂದು ಬಡಿತಕ್ಕೂ ಗನ್ ತುದಿ ಅಲ್ಲಾಡುತ್ತೆ. ಅದಕ್ಕೇ ಅವ್ರು ಉಸಿರನ್ನ ಅರ್ಧ ಬಿಟ್ಟು, ಹಿಡಿದು, ಆ ಸಣ್ಣ ಗ್ಯಾಪ್‌ನಲ್ಲಿ ಟ್ರಿಗರ್ ಎಳೀತಾರೆ.

ಇದನ್ನ ಓದಿದಾಗ ನಂಗೆ ಒಂದು ಹುಚ್ಚು ಐಡಿಯಾ ಬಂತು. ಗನ್ ಅಂತೂ ನಮ್ಮನೇಲಿಲ್ಲ, ಹಿಮ ಇಲ್ವೇ ಇಲ್ಲ. ಆದ್ರೆ ಮೆಟ್ಟಿಲಿದೆ, ಸೂಜಿ ಇದೆ. ಅಜ್ಜಿಯ ಹೊಲಿಗೆ ಡಬ್ಬಿಯಿಂದ ಐದು ಸೂಜಿ ತಗೊಂಡು ಟೇಬಲ್ ಮೇಲಿದ್ದ ಸೌತೆಕಾಯಿಗೆ ಸಾಲಾಗಿ ಚುಚ್ಚಿ ನಿಲ್ಲಿಸಿದೆ. (ವಿಡಿಯೋ ಕ್ಲಿಪ್ ಇಲ್ಲಿ ಹಾಕೋದು, ಸೌಂಡ್ ಕಮ್ಮಿ ಮಾಡಿ, ಬೈಗುಳ ಇದೆ.) ರೂಲ್ಸ್ ಏನಂದ್ರೆ ಕೆಳಗಿನಿಂದ ನಾಲ್ಕನೇ ಮಹಡಿವರೆಗೆ ಮೂರು ಸಲ ಓಡಿ ಹತ್ತಿ ಇಳಿಬೇಕು, ತಕ್ಷಣ ಬಂದು ಐದು ಸೂಜಿಗೂ ದಾರ ಪೋಣಿಸ್ಬೇಕು, ಒಂದೊಂದಕ್ಕೂ ಒಂದೇ ಚಾನ್ಸ್. ಓಡೋಕೆ ಮುಂಚೆ ಆರಾಮಾಗಿ ಕೂತು ಟ್ರೈ ಮಾಡಿದ್ರೆ ಐದಕ್ಕೆ ನಾಲ್ಕು ಬಂತು, ನಾನೇ ಬೀಗಿದ್ದೆ. ಓಡಿ ಬಂದ್ಮೇಲೆ? ಸೊನ್ನೆ. ದಾರದ ತುದಿ ಸೂಜಿ ಕಣ್ಣಿನ ಅಕ್ಕಪಕ್ಕ ಎಲ್ಲಾ ಕಡೆ ಹೋಯ್ತು, ಒಳಗೆ ಮಾತ್ರ ಹೋಗ್ಲಿಲ್ಲ, ಬೆವರು ತೊಟ್ಟಿಕ್ಕಿ ದಾರ ಒದ್ದೆಯಾಗಿ ತುದಿ ಬಿಚ್ಕೊಂತು. ಎರಡನೇ ದಿನ ಮತ್ತೆ ಮಾಡಿದೆ, ಆಗ ಒಂದು ಗೊತ್ತಾಯ್ತು, ಕೊನೇ ಮಹಡಿ ಇಳಿಯುವಾಗ ಸ್ವಲ್ಪ ನಿಧಾನ ಮಾಡಿದ್ರೆ ಎರಡು ಬರುತ್ತೆ! ಅಂದ್ರೆ ಆಟದ ಗುಟ್ಟೇ ಇದು ನೋಡಿ. ಜೋರಾಗಿ ಓಡಿದ್ರೆ ಗುರಿ ತಪ್ಪುತ್ತೆ, ಗುರಿಗೋಸ್ಕರ ನಿಧಾನ ಮಾಡಿದ್ರೆ ಹಿಂದಿನೋನು ಮುಂದೆ ಹೋಗ್ತಾನೆ. ಎಷ್ಟು ಜೋರು, ಎಷ್ಟು ನಿಧಾನ ಅನ್ನೋ ಲೆಕ್ಕ ತಲೇಲಿ ಸದಾ ಓಡ್ತಾ ಇರ್ಬೇಕು. ಅಜ್ಜಿ ಇಷ್ಟನ್ನೂ ನೋಡ್ತಾ ಕೂತಿದ್ರು, "ಬಟನ್ ಹಾಕ್ಕೊಡು ಅಂತ ವಾರದಿಂದ ಕೇಳ್ತಿದೀನಿ, ಅದಕ್ಕೆ ಟೈಮಿಲ್ಲ ನಿಂಗೆ" ಅಂದ್ರು. ಅವ್ರು ಹೇಳಿದ್ದೂ ಸರಿನೇ.

ಈಗ ನಮ್ಮ ಹೀರೋ. ಫ್ರಾಂಕ್ ಉಲ್ರಿಶ್. ಉಚ್ಚಾರಣೆ ಬಗ್ಗೆ ಜರ್ಮನಿಯಲ್ಲಿರೋ ಕನ್ನಡದೋರು ಬೈಬೇಡಿ, ಆ ಕೊನೇ ಸೌಂಡ್ ನಮ್ಮ ನಾಲಿಗೆಗೆ ಬರಲ್ಲ. ಹುಟ್ಟಿದ್ದು 1958ರ ಜನವರಿ 24, ಟ್ರೂಸೆಟಾಲ್ ಅನ್ನೋ ಊರಲ್ಲಿ, ತುರಿಂಗಿಯಾ ರಾಜ್ಯದ ಕಾಡು ಬೆಟ್ಟದ ಸೀಮೆ. ಆವಾಗ ಅದು ಪೂರ್ವ ಜರ್ಮನಿ, ಕಮ್ಯುನಿಸ್ಟ್ ಸರ್ಕಾರ. ಅಲ್ಲಿ ಆಟದಲ್ಲಿ ಚುರುಕಿರೋ ಮಕ್ಕಳನ್ನ ಚಿಕ್ಕ ವಯಸ್ಸಲ್ಲೇ ಹೆಕ್ಕಿ ಸ್ಪೋರ್ಟ್ಸ್ ಸ್ಕೂಲಿಗೆ ಹಾಕ್ತಿದ್ರು, ಉಲ್ರಿಶ್ ಆಡಿದ್ದು ಓಬರ್‌ಹೋಫ್‌ನಲ್ಲಿದ್ದ ಸೈನ್ಯದ ಸ್ಪೋರ್ಟ್ಸ್ ಕ್ಲಬ್‌ಗೆ.

ಇಲ್ಲಿ ಒಂದು ವಿಷಯ ಇದೆ, ಇದು ನನ್ನ ಫೇವರಿಟ್ಟು, ಸ್ಕಿಪ್ ಮಾಡ್ಬೇಡಿ ಪ್ಲೀಸ್. ಮ್ಯಾಪ್ ನೋಡಿ. (ಮ್ಯಾಪ್) ಇದು ಓಬರ್‌ಹೋಫ್, ಬಯಾಥ್ಲಾನ್ ಊರು, ಇಲ್ಲಿ 2004ರಲ್ಲೂ 2023ರಲ್ಲೂ ವರ್ಲ್ಡ್ ಚಾಂಪಿಯನ್‌ಶಿಪ್ ಆಗಿದೆ, ಮಂಜು ಕವಿದ್ರೆ ಟಾರ್ಗೆಟ್ಟೇ ಕಾಣಲ್ಲ ಅಂತ ಕುಖ್ಯಾತಿ ಬೇರೆ. ಕೆಳಗೆ ಬಂದ್ರೆ ಸೂಲ್. ಈ ಸೂಲ್ ಊರಲ್ಲಿ ನೂರಾರು ವರ್ಷದಿಂದ ಏನು ಮಾಡ್ತಿದ್ರು ಗೊತ್ತಾ? ಬಂದೂಕು! ಯುರೋಪಿನ ಹಳೇ ಬಂದೂಕು ಊರುಗಳಲ್ಲಿ ಇದೂ ಒಂದು, ಸಾವರ್ ಕಂಪನಿ ಶುರುವಾಗಿದ್ದು 1751ರಲ್ಲಿ, ಇದೇ ಸೂಲ್‌ನಲ್ಲಿ. ಇವೆರಡರ ನಡುವೆ ಇರೋದು ಜೆಲ್ಲಾ-ಮೇಲಿಸ್ ಅನ್ನೋ ಪುಟ್ಟ ಊರು. ಇವತ್ತು ನೀವು ಯಾವುದೇ ಬಯಾಥ್ಲಾನ್ ರೇಸ್ ನೋಡಿ, ಹೆಚ್ಚಿನೋರ ಬೆನ್ನಮೇಲೆ ಇರೋದು ಆನ್‌ಶುಟ್ಸ್ ಕಂಪನಿ ರೈಫಲ್, ಆ ಕಂಪನಿ 1856ರಲ್ಲಿ ಹುಟ್ಟಿದ್ದು ಇದೇ ಪುಟ್ಟ ಊರಲ್ಲಿ. ವಾಲ್ಟರ್ ಪಿಸ್ತೂಲ್ ಕಂಪನಿ ಹುಟ್ಟಿದ್ದೂ ಇಲ್ಲೇ. ಎರಡನೇ ಮಹಾಯುದ್ಧ ಆದ್ಮೇಲೆ ಇಬ್ಬರೂ ಪಶ್ಚಿಮ ಜರ್ಮನಿಯ ಉಲ್ಮ್ ಊರಿಗೆ ಗಂಟುಮೂಟೆ ಕಟ್ಕೊಂಡು ಹೋದ್ರು, ಅದು ಬೇರೆ ಕಥೆ. ಒಟ್ನಲ್ಲಿ ಒಂದು ಗುಡ್ಡದ ಸಾಲಲ್ಲಿ ಮೇಲೆ ಹಿಮ, ಕೆಳಗೆ ಬಂದೂಕು. ಅಲ್ಲಿ ಬಯಾಥ್ಲೀಟ್ ಹುಟ್ದೆ ಇನ್ನೇನು ಮಂಡ್ಯದಲ್ಲಿ ಹುಟ್ತಾನಾ?

ಈ ಸೂಲ್ ಹೆಸರು ನೆನಪಿಟ್ಕೊಳ್ಳಿ, ಎಲೆಕ್ಷನ್ ನಡಿಯೋದು ಅಲ್ಲೇ.

ಉಲ್ರಿಶ್‌ಗೆ ಮೊದಲ ಒಲಿಂಪಿಕ್ಸ್ 1976, ಇನ್ಸ್‌ಬ್ರೂಕ್. ಆಗಷ್ಟೇ ಹದಿನೆಂಟು ತುಂಬಿತ್ತು, ರಿಲೇ ಟೀಮಲ್ಲಿ ಕಂಚು. ಆವಾಗ ಬಯಾಥ್ಲಾನ್‌ನಲ್ಲಿ ಬಳಸ್ತಿದ್ದಿದ್ದು ಸೈನ್ಯದ ಥರದ ದೊಡ್ಡ ಕ್ಯಾಲಿಬರ್ ರೈಫಲ್, ಹೊಡೆದ್ರೆ ಭುಜಕ್ಕೆ ಗುದ್ದುತ್ತೆ, ಟಾರ್ಗೆಟ್ಟೂ ಇನ್ನೂ ದೂರ. 1978ರ ಸೀಸನ್‌ನಿಂದ ರೂಲ್ ಬದಲಾಯ್ತು, ಪಾಯಿಂಟ್ 22 ಸಣ್ಣ ಗುಂಡು, 50 ಮೀಟರ್. ಹಳಬರು ಎಷ್ಟೋ ಜನ ಒಗ್ಗಿಸ್ಕೊಳ್ಳೋಕೆ ಒದ್ದಾಡಿರ್ಬೇಕು, ಈ ಹುಡುಗ ಮಾತ್ರ ಅದೇ ವರ್ಷ ಹೋಕ್‌ಫಿಲ್ಜನ್‌ನಲ್ಲಿ ಸ್ಪ್ರಿಂಟ್ ವರ್ಲ್ಡ್ ಚಾಂಪಿಯನ್. ಅದೇ ವರ್ಷ ಬಯಾಥ್ಲಾನ್‌ಗೆ ಸೀಸನ್ ಪೂರ್ತಿ ನಡಿಯೋ ವರ್ಲ್ಡ್ ಕಪ್ ಅಂತ ಶುರುವಾಯ್ತು, ಮೊದಲ ಸೀಸನ್ ಗೆದ್ದಿದ್ದೂ ಇವರೇ. ಒಟ್ಟು ನಾಲ್ಕು ಸಲ ಗೆದ್ರು, 1978, 80, 81, 82.

ಆಮೇಲೆ 1980, ಅಮೆರಿಕದ ಲೇಕ್ ಪ್ಲಾಸಿಡ್. ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹಿಮ ಬಳಸಿದ್ದು ಇಲ್ಲೇ, ಮತ್ತೆ ಆಟಗಾರರಿಗೆ ಅಂತ ಕಟ್ಟಿದ ಕ್ರೀಡಾಗ್ರಾಮನ ಆಮೇಲೆ ಜೈಲು ಮಾಡಿದ್ರು. ತಮಾಷೆ ಅಲ್ಲ, ನಿಜವಾದ ಜೈಲು, ಇವತ್ತಿಗೂ ಇದೆ. ಕಟ್ಟುವಾಗಲೇ ಪ್ಲಾನ್ ಅದೇ ಇತ್ತು.

ಈಗ 20 ಕಿಲೋಮೀಟರ್ ರೇಸ್. ಇದನ್ನ ನಾನು ನಾಲ್ಕು ಸಲ ಲೆಕ್ಕ ಹಾಕಿ ನೋಡಿದೆ. ಸೋವಿಯತ್‌ನ ಅನಾಟೋಲಿ ಅಲ್ಯಾಬ್ಯೇವ್ ಒಂದೇ ಒಂದು ಗುಂಡು ತಪ್ಪಿಸ್ಲಿಲ್ಲ, ಟೈಮು 1 ಗಂಟೆ 8 ನಿಮಿಷ 16 ಸೆಕೆಂಡ್. ಉಲ್ರಿಶ್ 1 ಗಂಟೆ 8 ನಿಮಿಷ 27 ಸೆಕೆಂಡ್, ಅದರೊಳಗೆ ದಂಡದ ಮೂರು ನಿಮಿಷ ಸೇರಿದೆ. ಅಂದ್ರೆ ದಂಡ ಬಿಟ್ಟು ನೋಡಿದ್ರೆ ಚಿನ್ನ ಗೆದ್ದೋನಿಗಿಂತ ಎರಡೂ ಮುಕ್ಕಾಲು ನಿಮಿಷಕ್ಕೂ ಜಾಸ್ತಿ ಮುಂದೆ! ಒಂದೇ ಒಂದು ನಿಮಿಷದ ದಂಡ ಕಮ್ಮಿ ಆಗಿದ್ರೂ ಚಿನ್ನ ಇವರದ್ದೇ, ಅದೂ ಆರಾಮಾಗಿ. ಹನ್ನೊಂದು ಸೆಕೆಂಡಲ್ಲಿ ಬೆಳ್ಳಿ. ನಾನಾಗಿದ್ರೆ ಆ ಗನ್ನನ್ನ ಅಲ್ಲೇ ಕೆರೆಗೆ ಎಸೆದು ಬಂದಿರ್ತಿದ್ದೆ.

ಮೂರು ದಿನ ಬಿಟ್ಟು 10 ಕಿಲೋಮೀಟರ್ ಸ್ಪ್ರಿಂಟ್, ಒಲಿಂಪಿಕ್ಸ್‌ಗೆ ಅದೇ ಮೊದಲ ಸಲ ಸೇರಿಸಿದ್ರು. ಇಲ್ಲೂ ಎರಡು ಗುಂಡು ತಪ್ತು. ಎರಡು ಎಕ್ಸ್‌ಟ್ರಾ ಸುತ್ತು. ಬೆಳ್ಳಿ ಗೆದ್ದ ವ್ಲಾಡಿಮಿರ್ ಅಲಿಕಿನ್ ಒಂದೂ ತಪ್ಪಿಸಿಲ್ಲ. ಆದ್ರೂ ಉಲ್ರಿಶ್ 42 ಸೆಕೆಂಡ್ ಮುಂದೆ ಬಂದು ಚಿನ್ನ ತಗೊಂಡ್ರು. ಎರಡು ಸುತ್ತು ಜಾಸ್ತಿ ಓಡಿ ಗೆಲ್ಲೋದು ಅಂದ್ರೆ, ಶಾಲೇಲಿ ಎರಡು ಪ್ರಶ್ನೆ ಬಿಟ್ಟು ಬಂದೋನು ಫಸ್ಟ್ ರ್‍ಯಾಂಕ್ ಬಂದಂಗೆ. ಅವರ ಓಟದ ದಮ್ಮೇ ಬೇರೆ ಲೆವೆಲ್. ಇನ್ನೊಂದು ವಿಷ್ಯ, ಆವಾಗ ಇನ್ನೂ ಹಳೇ ಸ್ಟೈಲ್, ಎರಡು ಸ್ಕೀನೂ ಸೀದಾ ಜಾಡಿನಲ್ಲಿ ಜಾರಿಸ್ಕೊಂಡು ಹೋಗೋದು, ಈಗ ಟಿವಿಲಿ ನೋಡ್ತೀವಲ್ಲ ಐಸ್ ಸ್ಕೇಟಿಂಗ್ ಥರ ಕಾಲು ಅಗಲ ಹಾಕಿ ತಳ್ಳೋದು, ಅದೆಲ್ಲ ಬಂದಿದ್ದು ಆಮೇಲೆ. ರಿಲೇಯಲ್ಲಿ ಬೆಳ್ಳಿ, ಅಲ್ಲಿ ಗೆದ್ದ ಸೋವಿಯತ್ ಟೀಮಲ್ಲಿ ಅಲೆಕ್ಸಾಂಡರ್ ಟಿಖೋನೊವ್ ಅಂತ ಒಬ್ಬರಿದ್ರು, ಅವರ ಹೆಸರನ್ನೂ ಒಂದು ಮೂಲೇಲಿ ಇಟ್ಕೊಂಡಿರಿ.

ಒಟ್ಟು ಒಂಬತ್ತು ವರ್ಲ್ಡ್ ಚಾಂಪಿಯನ್‌ಶಿಪ್ ಚಿನ್ನ. 1984ರಲ್ಲಿ ರಿಟೈರ್. ಕೋಚ್ ಆದ್ರು, ಬರ್ಲಿನ್ ಗೋಡೆ ಬಿತ್ತು, ದೇಶವೇ ಹೋಯ್ತು, ಇವರ ಕೆಲಸ ಉಳೀತು. 1998ರಿಂದ 2010ರವರೆಗೆ ಒಂದಾದ ಜರ್ಮನಿಯ ಗಂಡಸರ ಟೀಮ್‌ಗೆ ಮುಖ್ಯ ಕೋಚ್. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಮಿಖಾಯೆಲ್ ಗ್ರೈಸ್ ಮೂರು ಚಿನ್ನ ಗೆದ್ದಿದ್ದು ಇವರ ಕೈಕೆಳಗೆ. 2010ರ ವ್ಯಾಂಕೋವರ್‌ನಲ್ಲಿ ಗಂಡಸರ ಟೀಮ್‌ಗೆ ಒಂದೂ ಮೆಡಲ್ ಇಲ್ಲ, ಕುರ್ಚಿ ಬಿಟ್ರು. ಕೋಚ್‌ಗಳ ಬದುಕೇ ಹಂಗೆ.

ಇಲ್ಲಿ ಒಂದು ಕಹಿ ವಿಷಯ ಇದೆ, ಅದನ್ನ ಹಾರಿಸಿ ಹೋದ್ರೆ ನಂಗೇ ಸರಿ ಅನ್ಸಲ್ಲ. ಪೂರ್ವ ಜರ್ಮನಿಯಲ್ಲಿ 1974ರಿಂದ ಸರ್ಕಾರವೇ ಗುಟ್ಟಾಗಿ ಡೋಪಿಂಗ್ ಪ್ರೋಗ್ರಾಂ ನಡೆಸ್ತಿತ್ತು, ಅದಕ್ಕೊಂದು ಫೈಲ್ ನಂಬರ್ರೂ ಇತ್ತು, 14.25 ಅಂತ. ಓರಲ್-ಟ್ಯೂರಿನಾಬೋಲ್ ಅನ್ನೋ ನೀಲಿ ಸ್ಟೆರಾಯ್ಡ್ ಮಾತ್ರೆ, ತಯಾರಾಗ್ತಿದ್ದಿದ್ದು ಇದೇ ತುರಿಂಗಿಯಾದ ಯೇನಾ ಊರಲ್ಲಿ. ಎಷ್ಟೋ ಆಟಗಾರರಿಗೆ, ಚಿಕ್ಕ ಹುಡುಗೀರಿಗೂ, ಇದೇನು ಅಂತ ಹೇಳ್ದೇನೇ ಕೊಟ್ಟಿದ್ರು, ಆರೋಗ್ಯ ಹಾಳಾದೋರು ಇವತ್ತಿಗೂ ಇದಾರೆ. 2009ರಲ್ಲಿ ಕೆಲವು ಹಳೇ ಬಯಾಥ್ಲೀಟ್‌ಗಳು ಉಲ್ರಿಶ್ ಮೇಲೆ ಆರೋಪ ಮಾಡಿದ್ರು, ಆ ಕಾಲದಲ್ಲಿ ಕೋಚ್ ಆಗಿದ್ದಾಗ ಇದೆಲ್ಲ ಅವರಿಗೆ ಗೊತ್ತಿತ್ತು ಅಂತ. ಅವರು ನಿರಾಕರಿಸಿದ್ರು. ಸ್ಕೀ ಸಂಘ ವಿಚಾರಣೆಗೆ ಒಂದು ಸಮಿತಿ ಮಾಡ್ತು, ಕೆಲಸ ಹೋಗ್ಲಿಲ್ಲ. ನಂಗೆ ಇದರಲ್ಲಿ ತೀರ್ಪು ಕೊಡೋ ಯೋಗ್ಯತೆ ಇಲ್ಲ. ಆದ್ರೆ ನೀಲಿ ಮಾತ್ರೆ ನುಂಗಿದೋರ ಕಡೆಯಿಂದ ನೋಡಿದ್ರೆ, "ಸಮಿತಿ ಆಯ್ತು, ಮುಗೀತು" ಅನ್ನೋದು ಮುಗಿದಂಗಲ್ಲ ಅಂತ ಮಾತ್ರ ಅನ್ಸುತ್ತೆ.

ಸರಿ, ಎಲೆಕ್ಷನ್‌ಗೆ ಬರೋಣ, ಎಡಿಟರ್ ಆಗಲೇ ವಾಚ್ ತೋರಿಸ್ತಿದಾನೆ.

ಸೂಲ್ ಮತ್ತೆ ಸುತ್ತಮುತ್ತ ಸೇರಿ ಒಂದು ಕ್ಷೇತ್ರ, ಆವಾಗ ನಂಬರ್ 196. ಅಲ್ಲಿನ ಎಂಪಿ ಸಿಡಿಯು ಪಕ್ಷದವರು, ಅಂದ್ರೆ ಆಂಗೆಲಾ ಮರ್ಕೆಲ್ ಪಕ್ಷ. ಲಾಬಿ ಹಗರಣದ ಆರೋಪ ಬಂದು 2021ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ರು. ಖಾಲಿ ಸೀಟು. ಲೋಕಲ್ ಪಾರ್ಟಿಯೋರು ಕರ್ಕೊಂಡು ಬಂದಿದ್ದು ಯಾರನ್ನ? ಹಾನ್ಸ್-ಗಿಯೋರ್ಗ್ ಮಾಸೆನ್. 2012ರಿಂದ 2018ರವರೆಗೆ ಗುಪ್ತಚರ ಇಲಾಖೆ ಮುಖ್ಯಸ್ಥ. 2018ರಲ್ಲಿ ಕೆಮ್ನಿಟ್ಸ್ ಊರಲ್ಲಿ ವಲಸಿಗರನ್ನ ಅಟ್ಟಿಸ್ಕೊಂಡು ಹೋದ ಒಂದು ವಿಡಿಯೋ ಬಂತು, ಮಾಸೆನ್ ಅದು ಅಸಲಿನಾ ಅಂತ ಪಬ್ಲಿಕ್ಕಾಗಿ ಅನುಮಾನ ಪಟ್ರು, ಅದರಿಂದ ಸರ್ಕಾರವೇ ಅಲ್ಲಾಡಿತು, ಕೊನೆಗೆ ಅವರನ್ನ ಮನೆಗೆ ಕಳಿಸಿದ್ರು. ಸ್ವಂತ ಪಕ್ಷದಲ್ಲೇ ಎಷ್ಟೋ ಜನಕ್ಕೆ ಇವರನ್ನ ಕಂಡ್ರೆ ಆಗ್ತಿರ್ಲಿಲ್ಲ. ಮೇಲಾಗಿ ಅವರ ಊರು ಮ್ಯುನ್‌ಶೆನ್‌ಗ್ಲಾಡ್‌ಬಾಖ್, ದೇಶದ ಆ ಕಡೆ, ಪಶ್ಚಿಮದ ತುದಿ. ನಮ್ಮಲ್ಲೂ ಇದೆಯಲ್ಲ, ಹೊರಗಿನ ದೊಡ್ಡ ಹೆಸರನ್ನ ತಂದು ನಿಲ್ಲಿಸೋದು, ಕೆಲವು ಸಲ ಕೈ ಹಿಡಿಯುತ್ತೆ, ಕೆಲವು ಸಲ ಕೈ ಸುಡುತ್ತೆ.

ಸ್ವಲ್ಪ ಎಡಕ್ಕೆ ವಾಲಿರೋ ಎಸ್‌ಪಿಡಿ ಪಕ್ಷ ಉಲ್ರಿಶ್‌ನ ನಿಲ್ಲಿಸ್ತು. ಅದಕ್ಕೂ ಮುಂಚೆ ಸೂಲ್ ನಗರಸಭೆ ಸದಸ್ಯ, ಅಷ್ಟೇ ರಾಜಕೀಯ ಅನುಭವ. ಈಗ ನೋಡಿ, ಟಿವಿ ಕ್ಯಾಮೆರಾ ಎಲ್ಲಾ ಬರ್ತಿದ್ದಿದ್ದು ಮಾಸೆನ್‌ಗೋಸ್ಕರ, ಆದ್ರೆ ಹಿಂಗೆ ಬಂದಾಗ ಪುಕ್ಕಟೆಯಾಗಿ ಎದುರಾಳಿ ಮುಖಾನೂ ದೇಶಕ್ಕೆಲ್ಲ ಕಾಣ್ತು. ಕಾಂಪಾಕ್ಟ್ ಅಂತ ಒಂದು ಸಂಘಟನೆ ಇದೆ, ಅವ್ರು ಓಪನ್ನಾಗೇ ಕ್ಯಾಂಪೇನ್ ಮಾಡಿದ್ರು: ಗ್ರೀನ್ಸ್ ಆಗ್ಲಿ, ಲೆಫ್ಟ್ ಆಗ್ಲಿ, ನಿಮ್ಮ ಪಕ್ಷ ಯಾವುದೇ ಇರ್ಲಿ, ಇಲ್ಲಿ ಒಂದು ವೋಟು ಉಲ್ರಿಶ್‌ಗೆ ಹಾಕಿ, ಮಾಸೆನ್ ಗೆಲ್ಬಾರ್ದು ಅಂತ. ಇದು ಹೆಂಗೆ ಸಾಧ್ಯ ಅಂದ್ರೆ ಜರ್ಮನಿಯಲ್ಲಿ ಒಬ್ಬೊಬ್ಬರಿಗೆ ಎರಡು ವೋಟು. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಎರಡೂ ಒಂದೇ ಕಡೆ ಹಾಕ್ಬೇಕು ಅಂತಿಲ್ಲ. ಮನಸ್ಸಿಗೆ ಒಂದು, ಲೆಕ್ಕಾಚಾರಕ್ಕೆ ಒಂದು. ಇದು ನಮ್ಮಲ್ಲಿ ಇದ್ದಿದ್ರೆ ಎಷ್ಟು ಮನೇಲಿ ಜಗಳ ಕಮ್ಮಿ ಆಗ್ತಿತ್ತು ಯೋಚ್ನೆ ಮಾಡಿ.

ರಿಸಲ್ಟ್: ಉಲ್ರಿಶ್ 33 ಚಿಲ್ಲರೆ ಪರ್ಸೆಂಟ್, ಮಾಸೆನ್ 22 ಚಿಲ್ಲರೆ, ಕೂದಲೆಳೆ ಹಿಂದೆ ಬಲಪಂಥೀಯ ಎಎಫ್‌ಡಿ. ಇನ್ನೊಂದು ಗಮನಿಸಿ, ಅದೇ ದಿನ ಇಡೀ ತುರಿಂಗಿಯಾದಲ್ಲಿ ಪಕ್ಷದ ವೋಟಲ್ಲಿ ಫಸ್ಟ್ ಬಂದಿದ್ದು ಎಎಫ್‌ಡಿ, 24 ಪರ್ಸೆಂಟ್. ಅಂದ್ರೆ ಊರಿಗೆ ಊರೇ ಎಡಕ್ಕೆ ತಿರುಗಿ ಇವರನ್ನ ಗೆಲ್ಲಿಸ್ತು ಅಂತ ಅಲ್ಲ.

ಹಾಗಾದ್ರೆ ನನ್ನ ಪ್ರಶ್ನೆಗೆ ಉತ್ತರ? ನಂಗನ್ಸೋದು, ಮೆಡಲ್ ಒಂದರಿಂದ ಆಗಿದ್ದಲ್ಲ. ಮೆಡಲ್ ಇವರನ್ನ ಗುರುತು ಹಿಡಿಯೋಕೆ ಆಯ್ತು, ಅದೇ ಊರಿನ ಮನುಷ್ಯ ಅನ್ನೋದು ನಂಬೋಕೆ ಆಯ್ತು, ಬಾಕಿ ಕೆಲಸ ಮಾಸೆನ್ನೇ ಮಾಡಿದ್ರು. ಲೇಕ್ ಪ್ಲಾಸಿಡ್‌ನಲ್ಲಿ ಉಲ್ರಿಶ್ ಜೋರಾಗಿ ಓಡಿಯೂ ದಂಡದಿಂದ ಚಿನ್ನ ಕಳ್ಕೊಂಡ್ರಲ್ಲ, ಸೂಲ್‌ನಲ್ಲಿ ಉಲ್ಟಾ. ಇವರು ಸುಮ್ನೆ ಒಂದೇ ಸ್ಪೀಡಲ್ಲಿ ಹೋಗ್ತಿದ್ರು, ದಂಡದ ಸುತ್ತು ಹಾಕ್ತಿದ್ದಿದ್ದು ಎದುರಿನೋರು.

ಇನ್ನು ಬೇಗ ಬೇಗ. 2021ರ ಕೊನೆಗೆ ಉಲ್ರಿಶ್ ಪಾರ್ಲಿಮೆಂಟಿನ ಕ್ರೀಡಾ ಸಮಿತಿಗೆ ಅಧ್ಯಕ್ಷರಾದ್ರು, ಆಗ ಡೋಪಿಂಗ್ ಸಂತ್ರಸ್ತರ ಕಡೆಯೋರು ಹಳೇ ವಿಷಯ ಎತ್ತಿ ಆಕ್ಷೇಪ ಮಾಡಿದ್ರು, ನನ್ ಪ್ರಕಾರ ಎತ್ತಿದ್ದು ನ್ಯಾಯವೇ. ಒಂದೇ ಅವಧಿ, 2025ಕ್ಕೆ ಮುಗೀತು, ಆ ಎಲೆಕ್ಷನ್‌ನಲ್ಲಿ ಸೂಲ್ ಕ್ಷೇತ್ರ ಎಎಫ್‌ಡಿ ಪಾಲಾಯ್ತು. ಮಾಸೆನ್ 2024ರಲ್ಲಿ ಸಿಡಿಯು ಬಿಟ್ಟು ಸ್ವಂತ ಪಾರ್ಟಿ ಮಾಡಿದ್ರು, ಅದೇ ಹೊತ್ತಲ್ಲಿ ಗೊತ್ತಾಗಿದ್ದೇನು ಅಂದ್ರೆ ಅವರೇ ಬಾಸ್ ಆಗಿದ್ದ ಗುಪ್ತಚರ ಇಲಾಖೆ ಈಗ ಅವರ ಮೇಲೇ ಫೈಲ್ ಇಟ್ಟಿದೆ! ಇದಕ್ಕೇ ಒಂದು ವಿಡಿಯೋ ಬೇಕು.

ಮತ್ತೆ ಆ ಮೂಲೇಲಿ ಇಟ್ಟಿದ್ವಲ್ಲ, ಟಿಖೋನೊವ್. 1968, 72, 76, 80, ನಾಲ್ಕು ಒಲಿಂಪಿಕ್ಸ್‌ನಲ್ಲಿ ಸತತವಾಗಿ ರಿಲೇ ಚಿನ್ನ. ಅವರೂ ರಾಜಕೀಯಕ್ಕೆ ಬಂದು ಮಾಸ್ಕೋ ಪ್ರಾಂತ್ಯದ ಗವರ್ನರ್ ಆಗೋಕೆ ನಿಂತ್ರು, ಸೋತ್ರು. ಆಮೇಲೆ ಕೆಮೆರೋವೊ ಅನ್ನೋ ಇನ್ನೊಂದು ಪ್ರಾಂತ್ಯದ ಗವರ್ನರ್‌ನ ಕೊಲ್ಲೋ ಸಂಚಿನ ಕೇಸಲ್ಲಿ ಸಿಕ್ಕಿಹಾಕ್ಕೊಂಡ್ರು, 2007ರಲ್ಲಿ ಕೋರ್ಟ್ ಮೂರು ವರ್ಷ ಶಿಕ್ಷೆ ಹಾಕ್ತು, ಹಾಕಿದ ಕೈಲೇ ಕ್ಷಮಾದಾನದಲ್ಲಿ ಬಿಡುಗಡೆ. ತಾನು ತಪ್ಪು ಮಾಡಿಲ್ಲ ಅಂತಲೇ ಅವರು ಹೇಳ್ಕೊಂಡು ಬಂದಿದಾರೆ. ಅದೇ ರಷ್ಯಾದ ಸೆರ್ಗೇಯ್ ಚೆಪಿಕೊವ್, ವ್ಲಾಡಿಮಿರ್ ಡ್ರಾಚೆವ್, ಇಬ್ಬರೂ ಬಯಾಥ್ಲಾನ್ ಬಿಟ್ಟು ಎಷ್ಟೋ ವರ್ಷ ಆದ್ಮೇಲೆ ಅಲ್ಲಿನ ಪಾರ್ಲಿಮೆಂಟಿಗೆ ಹೋದೋರು, ಅವರ ಕಥೆಗೆ ಈಗ ಟೈಮಿಲ್ಲ.

ಸೋ, ಕಮೆಂಟ್ ಹಾಕಿದ ಗುರುಗಳೇ, ಬ್ಯಾಂಕ್ ಸೆಕ್ಯೂರಿಟಿ ಆಗಿರೋ ಬಯಾಥ್ಲೀಟ್ ನಂಗೆ ಒಬ್ಬರೂ ಸಿಗ್ಲಿಲ್ಲ. ಸೂಜಿ-ಮೆಟ್ಟಿಲು ಆಟ ಯಾರಾದ್ರೂ ಟ್ರೈ ಮಾಡಿದ್ರೆ ಐದಕ್ಕೆ ಎಷ್ಟು ಬಂತು ಅಂತ ಬರೀರಿ. ಅಜ್ಜಿ ಸ್ಕೋರ್ ಐದಕ್ಕೆ ಐದು. ಓಡೋಕೆ ಮಾತ್ರ ಒಪ್ಲಿಲ್ಲ, ಮೊದಲು ಬಟನ್ ಹಾಕ್ಕೊಡು ಅಂತಾರೆ.